ಗಂಡು, ಗಂಡ, ಗಂಡೆದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ನಾಲ್ಕು ಜನ ಸೇರಿ ಮಾತು ಸ್ವಲ್ಪ ಬಿಸಿಯಾದರೆ ಸಾಕು, "ಗಂಡಸಾದ್ರೆ ಬಾರಲೇ" ಅನ್ನೋದು ಬಂದೇ ಬರುತ್ತದೆ. ನಾನು ಶಾಸನ, ನಿಘಂಟು ಅಂತ ಓಡಾಡುವವನು ಎಂದು ಗೊತ್ತಿರುವವರು ಈ ಪದದ ಬಗ್ಗೆಯೇ ಜಾಸ್ತಿ ಕೇಳುತ್ತಾರೆ. ಕೆಲವರು ಕಾಗದ ಬರೆಯುತ್ತಾರೆ, ಕೆಲವರು ಫೋನ್ ಮಾಡುತ್ತಾರೆ. ಬೀಗರೂಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಬಿಡುವುದಿಲ್ಲ. ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ಶುರುವಿಗೆ

ಗಂಡು, ಗಂಡ, ಗಂಡಸು ಮೂರೂ ಒಂದೇನಾ?

ಬೇರು ಒಂದೇ, ಕೆಲಸ ಬೇರೆ ಬೇರೆ. ಗಂಡು ಅನ್ನುವುದು ಮನುಷ್ಯರಿಗೂ ಆಗುತ್ತದೆ, ಪ್ರಾಣಿಗೂ ಗಿಡಕ್ಕೂ ಆಗುತ್ತದೆ. ಗಂಡು ಮಗು, ಗಂಡು ಕರು, ಕಾಯಿ ಬಿಡದ ಗಂಡು ಪರಂಗಿ ಗಿಡ, ಕುಂಬಳದ ಗಂಡು ಹೂ. ಗಂಡಸು ಅಂದರೆ ಬೆಳೆದ ಮನುಷ್ಯ ಮಾತ್ರ. ಗಂಡ ಅಂದರೆ ಇವತ್ತಿನ ಮಾತಿನಲ್ಲಿ ಹೆಂಡತಿಯ ಜೊತೆಗಾರ. ನಮ್ಮ ಕಡೆಯ 'ಗಂಡೈಕ್ಳು' ಅನ್ನೋದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಹೈದ ಅಂದರೆ ಹುಡುಗ, ಹೈಕಳು ಅಂದರೆ ಮಕ್ಕಳು. ಬಾಯಲ್ಲಿ ಹಕಾರ ಬಿದ್ದು ಐಕ್ಳು ಆಯಿತು.

ಸಂಬಂಧ ನೋಡುವಾಗ "ಗಂಡು ಚೆನ್ನಾಗಿದೆ" ಅಂತಾರಲ್ಲ, "ಚೆನ್ನಾಗಿದ್ದಾನೆ" ಅಂತ ಯಾಕೆ ಅನ್ನಲ್ಲ?

ಒಳ್ಳೆ ಪ್ರಶ್ನೆ. ವ್ಯಾಕರಣದಲ್ಲಿ ಗಂಡು ಅನ್ನುವ ಪದಕ್ಕೆ ಗಂಡಸ್ತನವೇ ಇಲ್ಲ! ಅದು ನಪುಂಸಕಲಿಂಗ. "ಗಂಡು ಚೆನ್ನಾಗಿದೆ, ಒಳ್ಳೆ ಕೆಲಸದಲ್ಲಿದೆ, ಮೈಸೂರಲ್ಲಿ ಸೈಟ್ ಇದೆ" ಎಂದು ಹೇಳುವಾಗ ಜಾತ್ರೆಯಲ್ಲಿ ಹೋರಿ ನೋಡಿ ಬಂದವರ ಹಾಗೆ ಕೇಳಿಸುತ್ತದೆ. ಹೆಣ್ಣಿಗೂ ಇದೇ ಗತಿ: "ಹೆಣ್ಣು ಒಪ್ತು." ಗಂಡಸು, ಹೆಂಗಸು ಅಂದ ಕೂಡಲೆ ಮಾತ್ರ "ಬಂದ, ಬಂದಳು" ಎಂದು ಮರ್ಯಾದೆ ಸಿಗುತ್ತದೆ.

ಮೊದಲು ಇದ್ದ ಅರ್ಥ ಯಾವುದು ಸ್ವಾಮಿ, ಹೆಂಡತಿಯ ಗಂಡ ಅಂತನೋ ಶೂರ ಅಂತನೋ?

ಜನ ಅತಿ ಹೆಚ್ಚು ಕೇಳುವುದು ಇದನ್ನೇ. ಹಳಗನ್ನಡದಲ್ಲಿ ಗಂಡು ಅಂದರೆ ಬಲ, ಕೆಚ್ಚು, ಪರಾಕ್ರಮ ಅನ್ನುವ ಅರ್ಥವೂ ಇತ್ತು. ಗಂಡ ಅಂದರೆ ಅದು ಇರುವವನು, ಅಂದರೆ ಶೂರ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಈ ಅರ್ಥಗಳೆಲ್ಲ ಒಟ್ಟಿಗೇ ಸಿಗುತ್ತವೆ. ಅಕ್ಕಪಕ್ಕದ ನುಡಿಗಳನ್ನು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ತೆಲುಗಿನಲ್ಲಿ ಗಂಡು ಅಂದರೆ ಶೌರ್ಯವೂ ಹೌದು, ಗಂಡು ಪ್ರಾಣಿಯೂ ಹೌದು. ಅಲ್ಲಿ ಗಂಡುಬೆಕ್ಕು 'ಗಂಡುಪಿಲ್ಲಿ'. ಮಲಯಾಳದಲ್ಲಿ ಅದೇ ಬೆಕ್ಕು 'ಕಂಡನ್ ಪೂಚ್ಚ'. ಕೊಡವರ ಮಾತಿನಲ್ಲಿ ಗಂಡು ನಾಯಿಗೆ ಇದೇ ಬೇರಿನ ಪದ ಇದೆ. ತುಳುವಿನಲ್ಲಿ ನಮ್ಮ ಹಾಗೇ ಗಂಡು. ಹಳೆಯ ತಮಿಳಿನಲ್ಲಿ ಕಂಡನ್ ಅಂದರೆ ವೀರ, ಪತಿ ಎರಡೂ.

ಅಂದರೆ ಗಂಡುಜಾತಿ, ಬಲ ಈ ಎರಡು ಅರ್ಥ ಎಲ್ಲ ಕಡೆ ಹರಡಿವೆ. ಪತಿ ಅನ್ನುವ ಅರ್ಥಕ್ಕೆ ಇಷ್ಟು ಹರಹು ಇಲ್ಲ. ಅದು ಆಮೇಲೆ ಕಿರಿದಾಗಿ ಕೂತ ಅರ್ಥ ಎಂಬುದು ನನ್ನ ಲೆಕ್ಕ. ಮನೆಯೊಳಗೆ ಬಂದ ಮೇಲೆ ಗಂಡ ಸಣ್ಣವನಾದ ಅಂತ ನಮ್ಮ ಮನೆಯಲ್ಲಿ ಒಬ್ಬರು ಸೇರಿಸಿದರು. ಅದು ನಿಘಂಟಿನಲ್ಲಿಲ್ಲ.

ಗಂಡುಗಲಿ, ಗಂಡುಗೊಡಲಿ ಇವೆಲ್ಲ ಹೇಗಾದವು?

ಗಂಡು + ಕಲಿ = ಗಂಡುಗಲಿ. ಕಲಿ ಅಂದರೂ ಶೂರನೇ. ಕ ಹೋಗಿ ಗ ಬಂತು, ಆದೇಶ ಸಂಧಿ. ಕುಮ್ಮಟದುರ್ಗದ ಕುಮಾರರಾಮನಿಗೆ ಈ ಹೆಸರು ಅಂಟಿಕೊಂಡೇ ಇದೆ. ಗಂಡು + ಕೊಡಲಿ = ಗಂಡುಗೊಡಲಿ, ಪರಶುರಾಮನ ಕೈಯಲ್ಲಿರುವುದು. ಇಲ್ಲಿ ಒಂದು ಕ್ಷಣ ನಿಲ್ಲಿ. ಕೊಡಲಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು? ದೊಡ್ಡದು, ಗಟ್ಟಿಯಾದದ್ದು, ಎದುರು ನಿಲ್ಲಲಾಗದ್ದು ಎಂಬಷ್ಟೇ ಅರ್ಥ. ಗಂಡು ಅಂದರೆ ಬಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

"ನಮ್ಮ ಯಜಮಾನ್ರಿಗೂ ಗಂಡಾಂತರಕ್ಕೂ ಏನಾದ್ರೂ ನಂಟು ಇದ್ಯಾ?"

ಕೇಳಿದವರು ರಿಟೈರಾದ ಮೇಷ್ಟ್ರಮ್ಮ, ಯಜಮಾನರು ಪಕ್ಕದಲ್ಲೇ ಕೂತಿದ್ದರು. ನಂಟು ಇಲ್ಲ. ಗಂಡಾಂತರ ಜ್ಯೋತಿಷ್ಯದಿಂದ ಬಂದ ಸಂಸ್ಕೃತದ ಮಾತು. ಪಂಚಾಂಗ ತೆಗೆದರೆ 27 ಯೋಗಗಳಲ್ಲಿ ಗಂಡ, ಅತಿಗಂಡ ಎಂದು ಎರಡು ಸಿಗುತ್ತವೆ, ಅವೂ ಆ ಕಡೆಯವೇ. ಆನೆಯ ಗಂಡಸ್ಥಳದ ಗಂಡ ಇನ್ನೂ ಬೇರೆ. ಸಂಸ್ಕೃತದಲ್ಲಿ ಗಂಡ ಅಂದರೆ ಕೆನ್ನೆ. ನಮ್ಮ ಗಂಡ ಅಪ್ಪಟ ದ್ರಾವಿಡದವನು. ಬರೆಯುವುದು ಒಂದೇ ಥರ ಇರುವುದರಿಂದ ಇಷ್ಟೆಲ್ಲ ಗೊಂದಲ.

ಹಾಗಾದ್ರೆ ಪೌರುಷ?

ಅದು ಸಂಸ್ಕೃತದ ಪುರುಷ ಅನ್ನುವುದರಿಂದ ಬಂದದ್ದು. ಸಂಸ್ಕೃತದಲ್ಲಿ ಪೌರುಷಕ್ಕೆ ಮನುಷ್ಯನ ಪ್ರಯತ್ನ ಅನ್ನುವ ಅರ್ಥವೂ ಇದೆ, ದೈವಕ್ಕೆ ಎದುರಾಗಿ ಬಳಸುವುದು. ಕನ್ನಡಕ್ಕೆ ಬಂದ ಮೇಲೆ ಪಾಪ, ಅದರ ಮಾನ ಹೋಯಿತು. ನಾವು ಪೌರುಷವನ್ನು 'ಕೊಚ್ಚಿಕೊಳ್ಳುತ್ತೇವೆ', ಇಲ್ಲವೇ 'ಉತ್ತರನ ಪೌರುಷ ಒಲೆ ಮುಂದೆ' ಅನ್ನುತ್ತೇವೆ. ಹೆಂಗಸರ ಮುಂದೆ ಮೀಸೆ ತಿರುವಿ, ಕೌರವರ ಸೈನ್ಯ ಕಂಡ ಕೂಡಲೆ ರಥದಿಂದ ಹಾರಿ ಓಡಿದ ಆ ಉತ್ತರನ ನೆರಳು ಈ ಪದದ ಮೇಲೆ ಬಿದ್ದುಬಿಟ್ಟಿದೆ. ಗಂಡೆದೆಗೆ ಹೀಗಾಗಲಿಲ್ಲ. ಯಾರೂ ಗಂಡೆದೆ ಕೊಚ್ಚಿಕೊಳ್ಳುವುದಿಲ್ಲ, ನೋಡಿದವರು ಹೇಳಬೇಕು.

ಬಿರುದುಗಳ ಕಡೆಗೆ

ಮೂರುರಾಯರ ಗಂಡ ಅಂದ್ರೆ ಮೂರು ಜನ ರಾಜರಿಗೆ ಗಂಡನಾ? ಇದೆಂಥ ಬಿರುದು?

ಹುಡುಗರು ಇದನ್ನು ಕೇಳಿ ನಗುತ್ತಾರೆ. ನಗಲಿ, ಆದರೆ ಇದು ವಿಜಯನಗರದ ಅರಸರ ದೊಡ್ಡ ಬಿರುದು. ಇಲ್ಲಿ ಗಂಡ ಅಂದರೆ ಮೀರಿಸಿದವನು, ಅಡಗಿಸಿದವನು. ಮೂವರು ರಾಯರು ಯಾರು ಎಂಬುದಕ್ಕೆ ಎರಡು ವಿವರಣೆ ಇವೆ. ಚೇರ, ಚೋಳ, ಪಾಂಡ್ಯರು ಎಂದು ಒಂದು. ಅಶ್ವಪತಿ, ಗಜಪತಿ, ನರಪತಿ, ಅಂದರೆ ಕುದುರೆ, ಆನೆ, ಕಾಲಾಳು ದಂಡಿನ ಒಡೆಯರು ಎಂದು ಇನ್ನೊಂದು.

ಇದರ ಜೋಡಿ ಬಿರುದು 'ಭಾಷೆಗೆ ತಪ್ಪುವ ರಾಯರ ಗಂಡ'. ಕೊಟ್ಟ ಮಾತಿಗೆ ತಪ್ಪುವ ರಾಜರು ಯಾರಿದ್ದಾರೋ ಅವರಿಗೆಲ್ಲ ಗಂಡ. ನನಗೆ ಎಲ್ಲ ಬಿರುದುಗಳಿಗಿಂತ ಇದೇ ಇಷ್ಟ. ಎಷ್ಟು ಜನರನ್ನು ಕೊಂದೆ ಎಂಬ ಲೆಕ್ಕ ಇದರಲ್ಲಿಲ್ಲ, ಮಾತು ಉಳಿಸಿಕೊಳ್ಳುವುದನ್ನೇ ಶೌರ್ಯ ಅನ್ನುತ್ತದೆ.

ಅರ್ಥ ಮಾಡಿಕೊಳ್ಳಲು ಒಂದು ಉಪಾಯ ಹೇಳುತ್ತೇನೆ. ನಾವು ಈಗ 'ಅಪ್ಪ' ಅನ್ನುವ ಕಡೆ ಆಗಿನವರು 'ಗಂಡ' ಅನ್ನುತ್ತಿದ್ದರು. "ಅವ್ನು ಕಳ್ಳರಿಗೇ ಅಪ್ಪ ಕಣೋ" ಅಂದರೆ ಕಳ್ಳರ ತಂದೆ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ಅದೇ ಜಾಗದಲ್ಲಿ ಗಂಡ ಹಾಕಿ ಓದಿ, ಬಿರುದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಈ ಬಿರುದುಗಳು ಬೇರೆ ಭಾಷೆಗೂ ಹೋಗಿವೆಯಂತೆ?

ಹೋಗಿವೆ. ವಿಜಯನಗರದ ಸಂಸ್ಕೃತ ತಾಮ್ರಪಟಗಳನ್ನು ನೋಡಿದರೆ, ಪೂರ್ತಿ ಸಂಸ್ಕೃತ ಶ್ಲೋಕದ ನಡುವೆ 'ಮೂರುರಾಯರಗಂಡ' ಕನ್ನಡದಲ್ಲೇ ಕೂತಿರುತ್ತದೆ. ತಮಿಳು ಶಾಸನಗಳಲ್ಲಿ ಅದು 'ಮೂವರಾಯ ಕಂಡನ್' ಆಗಿದೆ. ಇನ್ನೊಂದು 'ಪಾಷೈಕ್ಕುತ್ ತಪ್ಪುವ ರಾಯ ಕಂಡನ್'. ತಪ್ಪುವ ಅನ್ನುವುದು ಹಾಗೇ ಉಳಿದಿದೆ ನೋಡಿ.

ನಮ್ಮ ಮೈಸೂರು ಮಹಾರಾಜರಿಗೆ ಇಂಥದ್ದು ಯಾವುದೂ ಇರಲಿಲ್ವಾ?

ಇತ್ತು: 'ಬಿರುದೆಂತೆಂಬರ ಗಂಡ'. 'ಬಿರುದಂತೆಂಬರ' ಎಂದೂ ಬರೆಯುತ್ತಾರೆ. "ನನಗೆ ಇಂಥ ಬಿರುದಿದೆ, ಅಂಥ ಬಿರುದಿದೆ" ಎಂದು ಹೇಳಿಕೊಂಡು ತಿರುಗುವವರಿಗೆಲ್ಲ ಗಂಡ ಎಂದು ಅರ್ಥ. ಬಿರುದು ಇಟ್ಟುಕೊಂಡವರನ್ನು ಅಡಗಿಸಿದವನು ಎಂಬುದೇ ಒಂದು ಬಿರುದು! ಒಡೆಯರ ಬಿರುದಾವಳಿಯಲ್ಲಿ ಇದಕ್ಕೆ ದೊಡ್ಡ ಜಾಗ. ಹಾಲ್‌ಗಳಲ್ಲಿ ಸನ್ಮಾನದ ಮೇಲೆ ಸನ್ಮಾನ ನಡೆಯುವಾಗ, ಹೆಸರಿನ ಮುಂದೆ ಐದಾರು ವಿಶೇಷಣ ಓದುವಾಗ, ನನಗೆ ಈ ಬಿರುದು ನೆನಪಾಗಿ ನಗು ತಡೆಯಲು ಕಷ್ಟ ಆಗುತ್ತದೆ.

ಗಂಡಭೇರುಂಡ ಅಂದ್ರೆ ಗಂಡು ಭೇರುಂಡ ಪಕ್ಷಿನಾ? ಹೆಣ್ಣು ಭೇರುಂಡ ಇಲ್ವಾ?

ಇಲ್ಲಿಯೂ ಗಂಡ ಎಂದರೆ ಬಲಶಾಲಿ ಎಂದೇ ಹಿಡಿಯುವುದು ಸರಿ. ಭೇರುಂಡ ಎರಡು ತಲೆಯ ಹಕ್ಕಿ, ಆನೆಗಳನ್ನೇ ಎತ್ತಿಕೊಂಡು ಹೋಗುವಷ್ಟು ಶಕ್ತಿ ಅದಕ್ಕೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಆನೆಗಳನ್ನು ಹಿಡಿದಿರುವುದನ್ನು ನೋಡಬಹುದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಕಂಬ ಇದೆ. ಅಲ್ಲಿನ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ.

ಮೈಸೂರಿನವರು ಬಳ್ಳಿಗಾವಿಗೆ ಹೋಗಬೇಕಿಲ್ಲ. ಅರಮನೆಯ ಲಾಂಛನ ಅದೇ, ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲೂ ಅದೇ, ರಾಜ್ಯ ಸರ್ಕಾರದ ಮುದ್ರೆಯಲ್ಲೂ ಅದೇ. ಅದೂ ಬೇಡ ಅಂದರೆ ಸಬರ್ಬನ್ ಸ್ಟ್ಯಾಂಡಿಗೆ ಬಂದು ನಿಂತ ಕೆಎಸ್ಆರ್‌ಟಿಸಿ ಬಸ್ಸಿನ ಮೈ ನೋಡಿ.

ಗಂಡಪೆಂಡೇರ ಶೂರರಿಗೆ ಮಾತ್ರ ಕೊಡೋದಾ?

ಅದು ಕಾಲಿಗೆ ತೊಡಿಸುವ ಬಳೆ. ವೀರರಿಗೆ ಕೊಡುತ್ತಿದ್ದರು, ಕವಿಗಳಿಗೂ ಪಂಡಿತರಿಗೂ ಕೊಡುತ್ತಿದ್ದರು. ಕೃಷ್ಣದೇವರಾಯ ತನ್ನ ಕೈಯಾರೆ ಅಲ್ಲಸಾನಿ ಪೆದ್ದನನ ಕಾಲಿಗೆ ತೊಡಿಸಿದ ಕಥೆ ಪ್ರಸಿದ್ಧ. ಪದ್ಯ ಕಟ್ಟುವುದೂ ಗಂಡುತನದ ಲೆಕ್ಕಕ್ಕೆ ಬರುತ್ತಿತ್ತು ಎಂದಾಯಿತು.

ತಲಕಾಡುಗೊಂಡದಲ್ಲಿ ಇರೋದೂ ಇದೇ ಗಂಡ ತಾನೆ?

ಅಲ್ಲ. ತಲಕಾಡಿಗೆ ಟೂರ್ ಹೋಗಿ ಬಂದವರು ಇದನ್ನು ತಪ್ಪದೆ ಕೇಳುತ್ತಾರೆ. ಅದು 'ಗೊಂಡ', ಕೊಳ್ಳು ಎಂಬ ಕ್ರಿಯೆಯಿಂದ ಬಂದದ್ದು. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಂಡ, ಚಿನ್ನದ ನಾಣ್ಯದ ಮೇಲೆ 'ಶ್ರೀ ತಲಕಾಡುಗೊಂಡ' ಎಂದು ಕನ್ನಡದಲ್ಲಿ ಬರೆಸಿದ. ತಮಿಳಿನ ಗಂಗೈಕೊಂಡ (ಗಂಗೆಯನ್ನು ಗೆದ್ದುಕೊಂಡವನು) ಕೂಡ ಇದೇ ಥರ.

ಹೊಯ್ಸಳರಿಗೆ ನಮ್ಮ ಗಂಡನೂ ಇದ್ದ: 'ಮಲೆಪರೊಳ್ ಗಂಡ'. ಮಲೆಪರು ಅಂದರೆ ಮಲೆನಾಡಿನ ಪಾಳೆಯಗಾರರು, ಅವರೊಳಗೆ ಶೂರ. ಮೂರುರಾಯರ ಗಂಡದಲ್ಲಿ 'ರ' ಇದೆ, ಇದರಲ್ಲಿ 'ಒಳ್' ಇದೆ. ಮೊದಲನೆಯದು ಅವರ ಮೇಲೆ ಗೆದ್ದವನು, ಎರಡನೆಯದು ಅವರ ನಡುವೆ ಮೇಲಾದವನು. ಒಂದು ಪ್ರತ್ಯಯದಲ್ಲಿ ರಾಜಕೀಯವೇ ಬದಲಾಗುತ್ತದೆ. ಹೊಯ್ಸಳರು ಮೊದಲಿಗೆ ತಾವೇ ಗುಡ್ಡಗಾಡಿನ ಒಡೆಯರು ಅನ್ನುವುದನ್ನು ಈ 'ಒಳ್' ಬಿಟ್ಟುಕೊಡುತ್ತದೆ.

ಹೆಣ್ಣುಮಕ್ಕಳು ಕೇಳಿದ್ದು

ಧೈರ್ಯ ಮಾಡಿದ ಹೆಣ್ಣಿಗೂ "ಗಂಡೆದೆ" ಅನ್ನಬೇಕಾ? ನಮಗೆ ಬೇರೆ ಪದ ಇಲ್ವಾ?

ಈ ಸಿಟ್ಟು ನ್ಯಾಯವೇ. ಗಂಡೆದೆಯ ಗಂಡು ಅಂದರೆ ಬಲ ಎಂದು ಮೇಲೆ ಹೇಳಿದೆ. ಆದರೆ ಇವತ್ತು ಕೇಳುವವರ ಕಿವಿಗೆ ಹಾಗೆ ಬೀಳುವುದಿಲ್ಲ ಅನ್ನುವುದೂ ನಿಜ. "ನಮ್ಮ ಮಗಳು ಗಂಡುಮಗನ ಹಾಗೆ ಸಾಕಿದಳು" ಎಂಬ ಮಾತಿನ ಪಕ್ಕದಲ್ಲೇ ಅದೂ ಕೂರುತ್ತದೆ.

ಬೇರೆ ಪದ ಬೇಕು ಅಂದರೆ ಕೆಚ್ಚೆದೆ ಇದೆ. ಕೆಚ್ಚು ಅಂದರೆ ಮರದ ಒಳಗಿನ ಗಟ್ಟಿ ತಿರುಳು. ನಾನು ಚಿಕ್ಕವನಿದ್ದಾಗ ನಮ್ಮ ಊರಿನ ಆಚಾರ್ರು ಗಾಡಿ ಚಕ್ರಕ್ಕೆ ಜಾಲಿ ಮರ ಸೀಳುತ್ತಿದ್ದರು. ಮೇಲಿನ ಬಿಳಿ ಭಾಗವನ್ನು ಉಳಿ ಹಿಡಿದು ಕೆತ್ತಿ ಕೆತ್ತಿ ಬಿಸಾಡುವರು. ಒಳಗೆ ಕೆಂಪಗೆ, ಕಬ್ಬಿಣದ ಹಾಗೆ ಒಂದು ಭಾಗ ಬರುತ್ತಿತ್ತು. ಉಳಿ ಟಣ್ ಅಂದ ಕೂಡಲೆ "ಕೆಚ್ಚು ಸಿಕ್ತು" ಅಂದು ಎಲೆಅಡಿಕೆ ಹಾಕಿಕೊಳ್ಳಲು ಕೂರುವರು. ಗೆದ್ದಲು ಹತ್ತಿದ ಮರವನ್ನು ನೋಡಿ. ಬಿಳಿ ಭಾಗ ಪೂರ್ತಿ ಮಣ್ಣಾಗಿದ್ದರೂ ಕೆಚ್ಚು ಹಾಗೇ ನಿಂತಿರುತ್ತದೆ. ಎದೆಯಲ್ಲಿ ಅಂಥದ್ದು ಇದ್ದರೆ ಕೆಚ್ಚೆದೆ. ಇದರಲ್ಲಿ ಗಂಡಿಲ್ಲ, ಹೆಣ್ಣಿಲ್ಲ.

ಗಂಡುಬೀರಿ ಬೈಗುಳ ಯಾಕಾಯ್ತು?

ಪದದ ತಪ್ಪೇನೂ ಇಲ್ಲ. ಬೀರ ಅನ್ನುವುದು ವೀರದ ತದ್ಭವ. ನಮ್ಮ ಬೀರಪ್ಪ, ಬೀರೇಶ್ವರ ದೇವರುಗಳ ಹೆಸರಲ್ಲಿ ಇರುವುದು ಅದೇ. ಬೀರಿ ಅಂದರೆ ಅದರ ಹೆಣ್ಣು ರೂಪ. ಬಿಡಿಸಿ ನೋಡಿದರೆ ಎರಡು ಪಟ್ಟು ಹೊಗಳಿಕೆ. ಗಂಡಸಿಗೆ ಗಂಡುಗಲಿ ಅಂದರೆ ಹಾರ ಹಾಕುತ್ತಾರೆ, ಹೆಂಗಸಿಗೆ ಗಂಡುಬೀರಿ ಅಂದರೆ ಮದುವೆ ಸಂಬಂಧ ತಪ್ಪುತ್ತದೆ. ನಿಘಂಟು ಮಾಡಿದ ಎಡವಟ್ಟಲ್ಲ ಇದು, ಊರು ಮಾಡಿದ್ದು.

ಹಳೇ ಕಾಲದಲ್ಲಿ ಯುದ್ಧ ಮಾಡಿದ ಹೆಂಗಸರು ಓಬವ್ವ ಒಬ್ಬಳೇನಾ?

ಓಬವ್ವನಿಗಿಂತ ಬಹಳ ಹಿಂದೆಯೂ ಇದ್ದರು. 11ನೇ ಶತಮಾನದ ಚಾಲುಕ್ಯರ ಅಕ್ಕಾದೇವಿಯನ್ನು ಶಾಸನ 'ರಣಭೈರವಿ' ಅನ್ನುತ್ತದೆ. ನಾಡು ಆಳಿದವಳು, ಕೋಟೆಗೆ ಮುತ್ತಿಗೆ ಹಾಕಿದವಳು.

ಮಂಡ್ಯದವರಿಗೆ ಹತ್ತಿರ ಆಗುವುದು ಶ್ರವಣಬೆಳಗೊಳದ ಸಾವಿಯಬ್ಬೆ. ಗೊಮ್ಮಟನನ್ನು ನೋಡಿ ಇಳಿದು ಬರುವವರು ಈ ವೀರಗಲ್ಲಿನ ಬಗ್ಗೆ ಕೇಳಿಯೇ ಇರುವುದಿಲ್ಲ. ಗಂಡ ಲೋಕವಿದ್ಯಾಧರನ ಜೊತೆ ಯುದ್ಧಕ್ಕೆ ಹೋಗಿ ಬಾಗೆಯೂರಿನಲ್ಲಿ ಸತ್ತವಳು. ಕಲ್ಲಿನಲ್ಲಿ ಅವಳು ಕುದುರೆಯ ಮೇಲೆ ಕತ್ತಿ ಎತ್ತಿ ಕೂತಿದ್ದಾಳೆ, ಎದುರಿಗೆ ಆನೆಯ ಮೇಲೆ ಒಬ್ಬ ಗಂಡಸು. ಆ ಶಾಸನ ಅವಳನ್ನು ಸೀತೆಗೆ, ಅರುಂಧತಿಗೆ ಹೋಲಿಸುತ್ತದೆ. ಚಿತ್ರದಲ್ಲಿ ಕತ್ತಿ, ಮಾತಿನಲ್ಲಿ ಪತಿವ್ರತೆ. ಕೆತ್ತಿದವನು ಕಂಡದ್ದು ಒಂದು, ಬರೆದವನು ಹೊಗಳಿದ್ದು ಇನ್ನೊಂದು ಅಂತ ನನಗೆ ಅನ್ನಿಸುತ್ತದೆ.

ಗಂಡಾಳಿಗೆ ಕೂಲಿ ಜಾಸ್ತಿ, ಹೆಣ್ಣಾಳಿಗೆ ಕಮ್ಮಿ. ಇದೂ ಪದದಿಂದಾನೇ ಬಂತಾ?

ಆಳು ಅನ್ನುವ ಪದಕ್ಕೆ ಹಳಗನ್ನಡದಲ್ಲಿ ಸೇವಕ, ಸೈನಿಕ ಎಂಬ ಅರ್ಥ. ಅದಕ್ಕೆ ಲಿಂಗದ ಹಂಗಿಲ್ಲ. ಗದ್ದೆಗೆ ಬಂದ ಮೇಲೆ ಗಂಡಾಳು, ಹೆಣ್ಣಾಳು ಎಂದು ಎರಡು ರೇಟು ಆಯಿತು. ನಮ್ಮ ಮನೆಯ ಕಬ್ಬು ಕಡಿಯುವಾಗ ಒಬ್ಬ ಅಜ್ಜಿ ಬರುತ್ತಿತ್ತು. ಗಂಡಸರು ಹೊರುವಷ್ಟೇ ದೊಡ್ಡ ಹೊರೆ ಹೊತ್ತು ಏರಿ ಹತ್ತಿ ಗಾಡಿಗೆ ತುಂಬುತ್ತಿತ್ತು. ಒಂದು ಶನಿವಾರ ಬಟವಾಡೆ ಹೊತ್ತಿಗೆ ನಮ್ಮಪ್ಪ ಹೆಣ್ಣಾಳು ಕೂಲಿ ಎಣಿಸಿ ಕೊಟ್ಟರು. ಅಜ್ಜಿ ದುಡ್ಡು ಮುಟ್ಟಲಿಲ್ಲ. "ಹೊರೆಗೇನು ಗೊತ್ತಪ್ಪ, ಹೊತ್ತಿರೋದು ಸೀರೆನೋ ಪಂಚೆನೋ ಅಂತ" ಅಂತು. ಆ ಸೀಸನ್ ಪೂರ್ತಿ ಅಜ್ಜಿಯ ಹೆಸರು ಅಪ್ಪನ ಪುಸ್ತಕದಲ್ಲಿ ಗಂಡಾಳಿನ ಪಟ್ಟಿಯಲ್ಲಿತ್ತು. ಉಳಿದ ಹೆಂಗಸರದು ಮಾತ್ರ ಹಳೇ ಪಟ್ಟಿಯಲ್ಲೇ ಉಳಿಯಿತು, ಅದನ್ನೂ ಹೇಳಬೇಕು.

ಇನ್ನೂ ಸ್ವಲ್ಪ ಆಳಕ್ಕೆ

ಗಂಡು ಅಂದ್ರೆ ಧೈರ್ಯ ಅಂತ ನಾವು ಮಾತ್ರ ಅಂದುಕೊಂಡಿದ್ದಾ?

ಇಲ್ಲ, ಲೋಕದ ತುಂಬ ಈ ಚಾಳಿ ಇದೆ. ಲ್ಯಾಟಿನ್‌ನಲ್ಲಿ ಗಂಡಸಿಗೆ 'ವಿರ್'. ಅದರಿಂದ ಹುಟ್ಟಿದ್ದು 'ವಿರ್ತುಸ್': ಮೊದಲು ಗಂಡಸ್ತನ, ಶೌರ್ಯ, ಆಮೇಲೆ ಸದ್ಗುಣ. ಇಂಗ್ಲಿಷಿನ 'ವರ್ಚ್ಯೂ' ಅಲ್ಲಿಂದಲೇ ಬಂತು. ನಮ್ಮ ವೀರ ಅನ್ನುವ ಸಂಸ್ಕೃತ ಪದ ಆ 'ವಿರ್' ಜೊತೆ ಒಡಹುಟ್ಟಿದ್ದು. ಗ್ರೀಕರಲ್ಲೂ ಧೈರ್ಯದ ಪದ ಗಂಡಸಿನ ಪದದಿಂದಲೇ ಆದದ್ದು. ಬೀರಪ್ಪನ ಗುಡಿಯ ಮುಂದೆ ನಿಂತಾಗ ರೋಮಿನವರೂ ದೂರದ ನೆಂಟರು ಅಂದುಕೊಳ್ಳಬಹುದು.

ಗರಡಿ ಮನೆಯಲ್ಲಿ ಈ ಪದ ಜಾಸ್ತಿ ಬಳಸ್ತಾರಾ?

ನಾನು ಕೇಳಿದ ಮಟ್ಟಿಗೆ ಕಮ್ಮಿ. ಮೈಸೂರಿನ ಗರಡಿಗಳಲ್ಲಿ ಮಾತು ನಡೆಯುವುದು ಮಟ್ಟಿ, ಸಾಮು, ಪಟ್ಟು, ಉಸ್ತಾದರ ಬಗ್ಗೆ. "ಗಂಡಸಾದ್ರೆ ಬಾ" ಅನ್ನುವವರು ದಸರಾ ಕುಸ್ತಿಯಲ್ಲಿ ಗ್ಯಾಲರಿಯಲ್ಲಿ ಕೂತಿರುತ್ತಾರೆ. 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಅನ್ನುವ ಗಾದೆ ಹುಟ್ಟಿಸಿದವನೂ ಗ್ಯಾಲರಿಯವನೇ ಇರಬೇಕು.

ಗಂಡು ಮೆಟ್ಟಿನ ನಾಡು ಅಂದ್ರೆ ಮಂಡ್ಯ ಅಲ್ವಾ?

ಅದು ಹುಬ್ಬಳ್ಳಿ ಧಾರವಾಡದ ಕಡೆಯವರ ಹೆಮ್ಮೆ. ನಮ್ಮದು ಸಕ್ಕರೆ ನಾಡು. ಎರಡೂ ಬೇಕು ಅಂದರೆ ಅವರು ಬಿಡುವುದಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಶೌರ್ಯದ ಬಗ್ಗೆ ಇರೋ ಒಂದೇ ಒಂದು ಕಲ್ಲು ತೋರಿಸಿ ಅಂದ್ರೆ ಯಾವುದು ತೋರಿಸ್ತೀರಿ?

ಆತಕೂರಿನದು. ಊರು ಮದ್ದೂರು ತಾಲ್ಲೂಕಿನಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ದೊಡ್ಡ ಕಾಳಗ ಆಯಿತು. ಗಂಗರ ಬೂತುಗ ಕೃಷ್ಣನ ಕಡೆ ನಿಂತು ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮಣಲೆರ ಅನ್ನುವ ವೀರ ಚೆನ್ನಾಗಿ ಕಾದಿದ. ದೊರೆ ಮೆಚ್ಚಿ "ಬೇಡಿಕೋ" ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು.

ಆಮೇಲೆ ಬೆಳತೂರಿನ ಹತ್ತಿರದ ಗುಡ್ಡದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಚ್ಚಾಡಿ ಒಟ್ಟಿಗೆ ಸತ್ತವು. ಮಣಲೆರ ನಾಯಿಗಾಗಿ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಮೈಮೇಲೆ ಬಿದ್ದು ಕಾದುತ್ತಿವೆ. ಸುತ್ತ ರಾಜರ ಬಿರುದು, ಯುದ್ಧದ ವರದಿ, ದಾನದ ವಿವರ. ಎಲ್ಲ ಬರೆದಾದ ಮೇಲೆ ಒಂದು ಷರತ್ತು ಇದೆ: ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ.